ಒಬ್ಬಳ ದೂರು, ಹಲವರ ಪಗಾರ



ಕಳವಾದಿಂದ ಸೋದರಿಯೊಬ್ಬರು ಕಾರ್ಡು ಬರೆದಿದ್ದಾರೆ. ಠಾಣೆ-ಬೇಲಾಪುರ ರಸ್ತೆಯ ಕಡೆ ಒಂದು ಪ್ಯಾಕಿಂಗ್ ಘಟಕದಲ್ಲಿ ಅವರ ಕೆಲಸ. ಒಂದೇ ಮೇಜು, ಒಂದೇ ಪಾಳಿ, ತುಂಬುವ ಡಬ್ಬಿಯೂ ಒಂದೇ. ಪಗಾರದ ದಿನ ಮಾತ್ರ ಗಂಡಸರ ಲಕೋಟೆ ದಪ್ಪ, ಹೆಂಗಸರದ್ದು ತೆಳು. "ಅಣ್ಣಾ, ನಾನೊಬ್ಬಳೇ ಬಾಯಿ ಬಿಟ್ಟರೆ ನಾಳೆಯಿಂದ ಗೇಟಿನ ಹೊರಗೆ ನಿಲ್ಲಬೇಕು. ನಮ್ಮೆಲ್ಲರ ಪರವಾಗಿ ಸರಕಾರವೇ ಕೇಸು ಹಾಕುವುದಿಲ್ಲವೇ?" ಎಂದು ಕೇಳಿದ್ದಾರೆ.

ಹಾಕಬಹುದು. ಆದರೆ ಅದಕ್ಕೆ ಮೊದಲು ಒಂದು ಹಳೆಯ ಕಥೆ ಹೇಳಬೇಕು. ನಮ್ಮ ಮುಂಬಯಿಯದೇ.

ಮ್ಯಾಕಿನನ್ ಮೆಕೆಂಜಿ ಎಂಬ ಹಡಗು ವ್ಯವಹಾರದ ಕಂಪನಿಯಲ್ಲಿ ಆಡ್ರಿ ಡಿಕೋಸ್ಟಾ ಎಂಬವರು ಸ್ಟೆನೊಗ್ರಾಫರ್ ಆಗಿದ್ದರು. 1977ರ ಜೂನ್‌ನಲ್ಲಿ ಕೆಲಸ ಹೋಯಿತು. ಗಂಡಸು ಸ್ಟೆನೊಗಳಿಗಿಂತ ತಮಗೆ ಕಡಿಮೆ ಸಂಬಳ ಕೊಡುತ್ತಿದ್ದರು ಎಂದು ಅವರು 1976ರ ಸಮಾನ ವೇತನ ಕಾಯ್ದೆಯಡಿ ಅರ್ಜಿ ಹಾಕಿದರು. ಕಂಪನಿಯ ವಾದ ಸ್ವಾರಸ್ಯವಾಗಿತ್ತು: 'ಅಧಿಕಾರಿಗಳ ಖಾಸಾ ಸ್ಟೆನೊ ಹುದ್ದೆಯಲ್ಲಿ ಇರುವವರೆಲ್ಲ ಹೆಂಗಸರೇ. ಹೋಲಿಸಲು ಅಲ್ಲಿ ಗಂಡಸೇ ಇಲ್ಲದ ಮೇಲೆ ತಾರತಮ್ಯ ಎಲ್ಲಿಂದ ಬಂತು?' ಯೂನಿಯನ್ ಜೊತೆ ಒಪ್ಪಂದ ಆಗಿದೆ ಎಂದೂ, ಹೆಚ್ಚು ಕೊಡುವ ಶಕ್ತಿ ಇಲ್ಲ ಎಂದೂ ಹೇಳಿದರು. ಮೊದಲ ಅಧಿಕಾರಿ ಅರ್ಜಿ ತಳ್ಳಿಹಾಕಿದರು. ಮೇಲ್ಮನವಿಯಲ್ಲಿ, 1982ರಲ್ಲಿ, ಡೆಪ್ಯುಟಿ ಲೇಬರ್ ಕಮಿಷನರ್ 7,196 ರೂಪಾಯಿ 67 ಪೈಸೆ ಬಾಕಿ ಕೊಡಬೇಕೆಂದು ಆಜ್ಞೆ ಮಾಡಿದರು. ಕಂಪನಿ ಹೈಕೋರ್ಟಿಗೆ ಹೋಯಿತು, ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ಮಾರ್ಚ್‌ನಲ್ಲಿ ಅಲ್ಲಿಯೂ ಸೋತಿತು. ಕೆಲಸ ಒಂದೇ ಬಗೆಯದೇ ಎಂಬುದನ್ನು ವಿಶಾಲ ದೃಷ್ಟಿಯಿಂದ ನೋಡಬೇಕು, ಒಪ್ಪಂದವಾಗಲಿ ಹಣದ ಮುಗ್ಗಟ್ಟಾಗಲಿ ಕಾಯ್ದೆಗಿಂತ ದೊಡ್ಡದಲ್ಲ ಎಂದು ತೀರ್ಪು ಬರೆದವರು ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ನಮ್ಮ ಮಂಡ್ಯದ ಕಡೆಯವರು, 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದರು.

ಏಳು ಸಾವಿರ ಚಿಲ್ಲರೆ ರೂಪಾಯಿಗೆ ಹತ್ತು ವರ್ಷ! ಒಬ್ಬಳೇ ಹೋರಾಡಿದರೆ ಆಗುವುದು ಹೀಗೆ. ಅಮೆರಿಕದಲ್ಲಿ ಇಂಥ ಕೇಸನ್ನು ಸರಕಾರದ ಸಮಾನ ಉದ್ಯೋಗಾವಕಾಶ ಆಯೋಗವೇ ಹಾಕಬಲ್ಲದು. ಜನರಲ್ ಟೆಲಿಫೋನ್ ಕಂಪನಿಯ ಮೇಲೆ ಅದು ಹೂಡಿದ ದಾವೆಯಲ್ಲಿ ಕಂಪನಿ ತಕರಾರು ತೆಗೆಯಿತು. ಖಾಸಗಿಯವರು ಗುಂಪು ದಾವೆ ಹಾಕುವಾಗ ಇವರೆಲ್ಲ ಒಂದೇ ವರ್ಗ ಎಂದು ಕೋರ್ಟಿನಿಂದ ಮಂಜೂರಾತಿ ಪಡೆಯಬೇಕಲ್ಲ, ಆಯೋಗವೂ ಪಡೆಯಲಿ ಎಂದು. ಬೇಕಿಲ್ಲ, ಆಯೋಗ ಸಾರ್ವಜನಿಕ ಹಿತಕ್ಕಾಗಿಯೂ ಬಂದಿದೆ ಎಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು.

ನಮ್ಮಲ್ಲಿ ಅಂಥ ಆಯೋಗ ಇಲ್ಲ. ಆದರೆ ಅದರ ಕೆಲಸದ ಒಂದು ಪಾಲು ಲೇಬರ್ ಇನ್‌ಸ್ಪೆಕ್ಟರರ ಕೈಯಲ್ಲಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1976ರ ನಿಯಮಗಳಲ್ಲೇ ಇನ್‌ಸ್ಪೆಕ್ಟರರು ದೂರು ಕೊಡಬಹುದಿತ್ತು, ಒಂದೇ ಸಂಸ್ಥೆಯ ಹಲವರು ಸೇರಿ ಒಂದೇ ಅರ್ಜಿ ಹಾಕಬಹುದಿತ್ತು. ಆ ಕಾಯ್ದೆ ಈಗ ಇಲ್ಲ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ.

ಸಂಹಿತೆಯ 45ನೇ ಕಲಮನ್ನು ನಮ್ಮ ಸೋದರಿ ಗುರುತು ಹಾಕಿಟ್ಟುಕೊಳ್ಳಲಿ. ಅರ್ಜಿಯನ್ನು ಕೆಲಸಗಾರ್ತಿ ತಾನೇ ಕೊಡಬಹುದು, ಆಕೆ ಸದಸ್ಯೆಯಾಗಿರುವ ನೋಂದಾಯಿತ ಯೂನಿಯನ್ ಕೊಡಬಹುದು, ಇಲ್ಲವೇ ಇನ್‌ಸ್ಪೆಕ್ಟರೇ ಕೊಡಬಹುದು. ಒಂದು ಸಂಸ್ಥೆಯ ಎಷ್ಟು ಜನರ ಪರವಾಗಿಯಾದರೂ ಒಂದೇ ಅರ್ಜಿ ಸಾಕು. ಬಾಕಿ ಹುಟ್ಟಿದ ಮೂರು ವರ್ಷದೊಳಗೆ ಹಾಕಬೇಕು, ತಡಕ್ಕೆ ತಕ್ಕ ಕಾರಣ ಇದ್ದರೆ ಮನ್ನಿಸುತ್ತಾರೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಎಂದಿದೆ, ಪ್ರಯತ್ನ ಎಂಬ ಮಾತನ್ನು ಗಮನಿಸಿ. ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 90 ದಿನ. ಹಣ ಕೊಡದ ಮಾಲೀಕನಿಂದ ಕಂದಾಯ ಬಾಕಿಯಂತೆ ಕಲೆಕ್ಟರರು ವಸೂಲಿ ಮಾಡುತ್ತಾರೆ. 'ಹಾಗಾದರೆ ಗಂಡಸರ ಪಗಾರ ಇಳಿಸಿ ಸಮ ಮಾಡುತ್ತೇನೆ' ಎನ್ನುವ ಜಾಣತನಕ್ಕೂ ಮೂರನೇ ಕಲಮಿನಲ್ಲೇ ತಡೆ ಹಾಕಿದ್ದಾರೆ. ಪಕ್ಕದ ಮೇಜಿನ ಅಣ್ಣಂದಿರಿಗೆ ಇದನ್ನು ಮೊದಲೇ ಹೇಳಿಬಿಡಿ, ಅವರೂ ಜೊತೆಗೆ ಬಂದಾರು.

ಸರಕಾರ ಕೈ ಹಾಕಿತೆಂದರೆ ಗೆದ್ದೆವು ಎಂದು ತಿಳಿಯಬೇಡಿ. 1979ರಲ್ಲಿ ಕೇಂದ್ರ ಸರಕಾರ ಇದೇ ಹಳೆಯ ಕಾಯ್ದೆಯಡಿ, ಗಗನಸಖಿಯರ ವೇತನದ ವ್ಯತ್ಯಾಸ ಹೆಣ್ಣೆಂಬ ಕಾರಣಕ್ಕಲ್ಲ ಎಂದು ಘೋಷಣೆ ಹೊರಡಿಸಿತು. ಎರಡು ವರ್ಷದ ನಂತರ ನರ್ಗೀಶ್ ಮಿರ್ಜಾ ಪ್ರಕರಣದಲ್ಲಿ ಅದೇ ಘೋಷಣೆ ಅವರಿಗೆ ಮುಳುವಾಯಿತು. ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನೇನೋ ಸುಪ್ರೀಂ ಕೋರ್ಟು ರದ್ದು ಮಾಡಿತು.

ಇನ್‌ಸ್ಪೆಕ್ಟರರು ಅರ್ಜಿ ಹಾಕಬಹುದು ಎಂದಿದೆಯೇ ಹೊರತು ಹಾಕಲೇಬೇಕು ಎಂದಿಲ್ಲ. ಅವರಿಗೆ ಕೊಡಲು ಕೈಯಲ್ಲಿ ಕಾಗದ ಇರಬೇಕು. ನಿಮ್ಮ ಪಗಾರ ಚೀಟಿ, ಕೊಡುವುದು ಮಾಲೀಕನ ಕರ್ತವ್ಯ, ಕೇಳಿ ಪಡೆಯಿರಿ. ಮನಸ್ಸು ಮಾಡಿದರೆ ಗಂಡಸರೊಬ್ಬರ ಚೀಟಿಯ ಪ್ರತಿ. ಯಾವ ಪಾಳಿ, ಯಾವ ಯಂತ್ರ, ದಿನಕ್ಕೆ ಎಷ್ಟು ಡಬ್ಬಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕುಶಲತೆ, ಶ್ರಮ, ಅನುಭವ, ಜವಾಬ್ದಾರಿ ಈ ನಾಲ್ಕೂ ಒಂದೇ ಎಂದು ತೋರಿಸುವುದು ಅದರಿಂದಲೇ. ಬಾಕಿ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾತ್ರ ಮಾಲೀಕನದು.

ಖಾಸಗಿ ಕಾರ್ಖಾನೆಯವರು ಹೋಗಬೇಕಾದದ್ದು ರಾಜ್ಯದ ಕಾರ್ಮಿಕ ಇಲಾಖೆಗೆ. ಠಾಣೆಯಲ್ಲಿ ಬೋರ್ಡು ಮರಾಠಿಯಲ್ಲಿರುತ್ತದೆ, 'ಕಾಮಗಾರ' ಎಂಬ ಅಕ್ಷರ ಹುಡುಕಿ. ರೈಲ್ವೆಯವರಿಗೆ ಕೇಂದ್ರದ ಕಾರ್ಮಿಕ ಅಧಿಕಾರಿಗಳು. ಹೆಸರು ಗುಟ್ಟಾಗಿಯೇ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಆದ್ದರಿಂದ ನಾಲ್ಕೈದು ಜನ ಸೇರಿಯೇ ಹೋಗಿ, ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.