ಅಂಗಹಾನಿಯೂ ಜೀವನೋಪಾಯವೂ

ಮೋಟಾರು ಅಪಘಾತದಲ್ಲಿ ಹೋದ ಕಾಲನ್ನು ದ್ರವ್ಯವು ಮರಳಿ ಕೊಡಲಾರದು. ಅನ್ನದ ದಾರಿಯನ್ನು ಮಾತ್ರ ಉಳಿಸಬಲ್ಲುದು. ಊನವು ಒಂದೇ ಆದರೂ, ತುಂಗಭದ್ರೆಯ ದಡದ ಕೊರ್ಲಹಳ್ಳಿಯ ರೈತನಿಗೂ ಗದಗಿನ ಗುಮಾಸ್ತನಿಗೂ ನಷ್ಟವು ಸಮಾನವಲ್ಲ. ಪರಿಹಾರವನ್ನು ವೃತ್ತಿಗೆ ತಕ್ಕಂತೆ ಅಳೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ವಿಶದಪಡಿಸಿತು. 2014ರಲ್ಲಿ, ಕಾಲು ಕಳೆದುಕೊಂಡ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬನ ಗಳಿಕೆಯ ಶಕ್ತಿಯು ನೂರಕ್ಕೆ 85ರಷ್ಟು ಕುಂದಿತೆಂದು ನಿರ್ಣಯಿಸಿ, ಲೆಕ್ಕಪತ್ರಗಳಿಲ್ಲದಿದ್ದರೂ ತಿಂಗಳಿಗೆ 6,500 ರೂಪಾಯಿ ಆದಾಯವನ್ನು ಅಂಗೀಕರಿಸಿತು.

ಆದುದರಿಂದ ಗೃಹಸ್ಥರು ಪೊಲೀಸು ದೂರಿನ ಪ್ರತಿ, ಆಸ್ಪತ್ರೆಯ ಕಾಗದಗಳು, ವೈದ್ಯರ ಅಂಗವೈಕಲ್ಯ ಪ್ರಮಾಣಪತ್ರ ಇವುಗಳನ್ನು ಜೋಪಾನವಾಗಿಡಬೇಕು. ಗಾಯಗೊಂಡವರು ವಾಸಿಸುವ ಪ್ರದೇಶದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಸಲ್ಲಿಸಬಹುದು. 2022ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅಪಘಾತದ ದಿನದಿಂದ 6 ತಿಂಗಳ ಅವಧಿಯನ್ನು ವಿಧಿಸಿದೆ. ಗಾಯವು ಮಾಯಲೆಂದು ಕಾಯುತ್ತ ಕುಳಿತುಕೊಳ್ಳಬಾರದು.