ಗುಂಯ್ ಎನ್ನುವ ಚಕ್ರ

ಕಾರಿನ ಚಕ್ರದ ಕಡೆಯಿಂದ ಏನೋ ಸದ್ದು ಬರುತ್ತಿದ್ದರೆ, ಅದು ನಿಜಕ್ಕೂ ಚಕ್ರದ್ದೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ. ಆಗಲೂ ಸದ್ದು ಬಂದರೆ ತೊಂದರೆ ಎಂಜಿನ್ ಕಡೆಯದು. ನಿಂತಾಗ ಸುಮ್ಮನಿದ್ದು, ಓಡುವಾಗ ಮಾತ್ರ ಕೇಳಿಸಿ, ಗೇರ್ ಬದಲಿಸಿದರೂ ಬದಲಾಗದೆ ವೇಗದ ಜೊತೆಗೇ ಏರಿಳಿದರೆ ಚಕ್ರವನ್ನು ಅನುಮಾನಿಸಬಹುದು.

ಇನ್ನು ಸ್ವಲ್ಪ ಲೆಕ್ಕ. 14 ಇಂಚಿನ ರಿಮ್ಮಿರುವ ಸಣ್ಣ ಕಾರಿನ ಟೈರು ಒಂದು ಸುತ್ತಿಗೆ ಸುಮಾರು 1.85 ಮೀಟರ್ ಉರುಳುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 3 ಸುತ್ತು, 60ರಲ್ಲಿ 9 ಸುತ್ತು. ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಜಲ್ಲಿಕಲ್ಲು ಸುತ್ತಿಗೊಮ್ಮೆ ರಸ್ತೆಗೆ ಬಡಿಯುತ್ತದೆ. ಕಿಟಕಿ ಇಳಿಸಿ ಕಾಂಪೌಂಡ್ ಗೋಡೆಯ ಪಕ್ಕ ನಿಧಾನವಾಗಿ ಹೋದರೆ ಆ ಟಕ್ ಟಕ್ ಎಣಿಸುವಷ್ಟು ಬಿಡಿಬಿಡಿಯಾಗಿ ಕೇಳುತ್ತದೆ. ಕಲ್ಲಾದರೆ ಸ್ಕ್ರೂಡ್ರೈವರ್‌ನಿಂದ ಕಿತ್ತರಾಯಿತು. ಮೊಳೆಯಾದರೆ ಕೀಳದೆ ಪಂಕ್ಚರ್ ಅಂಗಡಿಗೆ ಹೋಗಿ.

ಬೇರಿಂಗಿನ ಸದ್ದು ಹೀಗಲ್ಲ. ಎರಡು ಉಕ್ಕಿನ ಬಳೆಗಳ ನಡುವೆ ಗುಂಡುಗಳು ಉರುಳುವ ಭಾಗ ಇದು. ರಸ್ತೆಗುಂಡಿಯ ಹೊಡೆತಕ್ಕೋ, ಸೀಲು ದಾಟಿದ ಮಳೆನೀರಿಗೆ ಗ್ರೀಸು ಕೆಟ್ಟೋ ಬಳೆಯ ಮೇಲ್ಮೈಯಿಂದ ಚೂರು ಎದ್ದುಹೋಗಿ ಕುಳಿ ಬೀಳುತ್ತದೆ. ಒಂದೊಂದು ಗುಂಡು ಅದರ ಮೇಲೆ ಹಾಯ್ದಾಗಲೂ ಒಂದು ಏಟು. ಗುಂಡುಗಳ ಸಾಲು ಚಕ್ರದ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಸುತ್ತುವುದರಿಂದ, 13 ಗುಂಡುಗಳಿರುವ ಬೇರಿಂಗಿನ ಹೊರಬಳೆಯ ಕುಳಿಗೆ ಚಕ್ರದ ಸುತ್ತಿಗೆ ಸುಮಾರು 5 ಏಟು ಬೀಳುತ್ತವೆ. 60ರ ವೇಗದಲ್ಲಿ ಸೆಕೆಂಡಿಗೆ 45ರ ಆಸುಪಾಸು. ಅಷ್ಟನ್ನು ಕಿವಿ ಬಿಡಿಸಿ ಕೇಳಲಾರದು. ಎಲ್ಲ ಬೆರೆತು ಗುಂಯ್ ಎನ್ನುವ ಒಂದೇ ದನಿಯಾಗುತ್ತದೆ.

ಏರುಪೇರಾಗಿ ಸವೆದ ಟೈರೂ ಹೀಗೇ ಗುಂಯ್‌ಗುಡುತ್ತದೆ. ಡಾಂಬರು ಬಿಟ್ಟು ಕಾಂಕ್ರೀಟ್ ರಸ್ತೆಗೆ ಹತ್ತಿದಾಗ ದನಿ ಬದಲಾದರೆ ಟೈರಿನದೇ ಇರಬೇಕು. ಖಾಲಿ ರಸ್ತೆಯ ಉದ್ದನೆಯ ತಿರುವಿನಲ್ಲಿ ಏರಿಳಿದರೆ ಬೇರಿಂಗ್. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗೇ ಹೋಗಿರುತ್ತದೆ.

ಗ್ಯಾರೇಜಿನಲ್ಲಿ ಇದನ್ನು ಕೈಯಿಂದಲೇ ಪತ್ತೆ ಮಾಡುವುದುಂಟು. ಗಾಡಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸುತ್ತಾರೆ. ಬಳಿಕ ಸಸ್ಪೆನ್ಷನ್ನಿನ ಸ್ಪ್ರಿಂಗ್ ಮೇಲೆ ಬೆರಳಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತಾರೆ. ಬೇರಿಂಗ್ ಕೆಟ್ಟಿದ್ದರೆ ಕಿವಿಗೆ ಸಿಗದ ಗರಗರ ಬೆರಳಿಗೆ ಸಿಗುತ್ತದೆ.

ಉಳಿದವು ಇಷ್ಟು ಗೊಂದಲ ಮಾಡುವುದಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಡ್ರೈವ್ ಆಕ್ಸಲ್ಲಿನ ಹೊರತುದಿಯ ಜಾಯಿಂಟ್ ಸವೆದಿದೆ. ಅದರ ರಬ್ಬರ್ ಬೂಟು ಹರಿದು ಗ್ರೀಸು ಚೆಲ್ಲಿರಬಹುದು. ಕೀಚಲು ಸದ್ದು ಬಂದರೆ ಬ್ರೇಕ್ ಪ್ಯಾಡ್ ನೋಡಿಸಿ: ಪ್ಯಾಡ್ ತೆಳುವಾದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಹಲವು ಗಾಡಿಗಳಲ್ಲಿ ಒಂದು ತಗಡಿನ ಪಟ್ಟಿ ಇಟ್ಟಿರುತ್ತಾರೆ.

ಗ್ಯಾರೇಜಿಗೆ ಹೋದಾಗ ‘ಏನೋ ಸೌಂಡ್ ಬರ್ತಿದೆ’ ಎನ್ನುವುದಕ್ಕಿಂತ ಯಾವ ವೇಗದಲ್ಲಿ, ಯಾವ ಕಡೆ ತಿರುಗಿದಾಗ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ ಎಂದು ಹೇಳಿದರೆ ಸುಮ್ಮನೆ ಟೈರು ಬದಲಿಸುವ ಖರ್ಚು ತಪ್ಪೀತು. ಆದರೆ ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜಿದಂತೆ ಕೇಳಿಸಿದರೆ, ಅಥವಾ ಧಡಧಡ ಸದ್ದಿನೊಡನೆ ಗಾಡಿ ಓಲಾಡಿದರೆ ಗ್ಯಾರೇಜಿನವರೆಗೂ ಓಡಿಸಬೇಡಿ. ಎರಡನೆಯದು ಚಕ್ರದ ನಟ್ಟು ಸಡಿಲಾದ ಲಕ್ಷಣವಿರಬಹುದು. ಬದಿಗೆ ನಿಲ್ಲಿಸಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ.