ಅಂತರಿಕ್ಷದಲ್ಲಿ ಮನೆವಾರ್ತೆ

ನಮ್ಮ ಪೂರ್ವಿಕರು ಆಕಾಶಯಾನವನ್ನು ಬಲ್ಲವರಾಗಿದ್ದರೆಂದು ಹೆಮ್ಮೆಪಡುವ ಮಿತ್ರರು ನನಗೆ ಹಲವರಿದ್ದಾರೆ. ಕನ್ನಡದ ಅಧ್ಯಾಪಕನಾದ ನಾನು ಆ ವಾದದಲ್ಲಿ ತಲೆಹಾಕುವುದಿಲ್ಲ. ಆದರೆ ಒಂದು ಕೊರತೆ ಮಾತ್ರ ನನ್ನನ್ನು ಬಹುಕಾಲದಿಂದ ಕಾಡಿದೆ. ಪುಷ್ಪಕ ವಿಮಾನದ ವೈಭವವನ್ನು ಬಣ್ಣಿಸಲು ಬೇಸರಪಡದ ಕವಿಗಳು, ಅದರಲ್ಲಿ ಕುಳಿತವರು ಎಲ್ಲಿ ಕೈತೊಳೆದರು, ಹೇಗೆ ನಿದ್ರಿಸಿದರು ಎಂಬುದನ್ನು ಹೇಳುವ ಗೋಜಿಗೇ ಹೋದಂತಿಲ್ಲ. ತ್ರಿಶಂಕುವಿನ ಗತಿಯಂತೂ ಇನ್ನೂ ಕಷ್ಟದ್ದು. ತಲೆಕೆಳಗಾಗಿ ನಿಂತ ಆ ಅರಸನಿಗಾಗಿ ವಿಶ್ವಾಮಿತ್ರರು ಹೊಸ ನಕ್ಷತ್ರಗಳನ್ನೇ ಸೃಷ್ಟಿಸಿದರು. ಒಂದು ಲೋಟ ನೀರನ್ನು ಆ ಭಂಗಿಯಲ್ಲಿ ಹೇಗೆ ಕುಡಿಯಬೇಕೆಂಬುದನ್ನು ಹೇಳಿಕೊಟ್ಟಂತೆ ಕಾಣೆ.

ಇಂಥ ಪ್ರಶ್ನೆಗಳನ್ನು ಕೇಳುವ ಧೈರ್ಯ ವಿದ್ವಾಂಸರಿಗಿಲ್ಲ. ಮಕ್ಕಳಿಗಿದೆ, ಮನೆ ನಡೆಸಿದ ಹೆಂಗಸರಿಗಿದೆ. ನಮ್ಮ ಮನೆಯಲ್ಲಿ ಅವುಗಳನ್ನು ಎತ್ತಿದವಳು ನನ್ನ ತಾಯಿ.

ನಾವಿರುವುದು ಯಲಹಂಕದಲ್ಲಿ. ವಾಯುಪಡೆಯ ವಿಮಾನಗಳು ತಲೆಯ ಮೇಲೆ ಹಾರುವುದು ನಮಗೆ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುವಾಗ ಅಡಿಗೆಮನೆಯ ತಟ್ಟೆ ಲೋಟಗಳೂ ಗಡಗಡ ನಡುಗುತ್ತವೆ. ೨೦೨೫ರ ಮೇ ತಿಂಗಳಲ್ಲಿ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು, ಹಾಸಿಗೆಯ ವಾಸ ಪ್ರಾಪ್ತವಾಯಿತು. ಜೂನ್ ೨೫ರಂದು ವಾಯುಪಡೆಯ ಶುಭಾಂಶು ಶುಕ್ಲಾ ಅವರು ಅಮೆರಿಕದ ಕೆನೆಡಿ ಕೇಂದ್ರದಿಂದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟ ದೃಶ್ಯವನ್ನು ಅವಳು ಮಲಗಿದ್ದಲ್ಲಿಂದಲೇ ದೂರದರ್ಶನದಲ್ಲಿ ನೋಡಿದಳು. ೧೯೮೪ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ರಷ್ಯದ ನೌಕೆಯಲ್ಲಿ ಹೋಗಿಬಂದ ಮೇಲೆ ಭಾರತದಿಂದ ಹೋದ ಎರಡನೆಯ ಗಗನಯಾತ್ರಿ ಇವರು, ನಿಲ್ದಾಣವನ್ನು ಹೊಕ್ಕ ಭಾರತೀಯರಲ್ಲಿ ಮೊದಲನೆಯವರು, ಎಂದೆಲ್ಲ ನಾನು ವಿವರಿಸಿದೆ. ಅಮ್ಮ ಎಲ್ಲವನ್ನೂ ಕೇಳಿ, "ಅದಿರಲಿ ಕಣೋ, ಆ ಹುಡುಗ ಸ್ನಾನ ಹೇಗೆ ಮಾಡ್ತಾನೆ?" ಎಂದಳು.

ನಾನು ನಿರುತ್ತರನಾದೆ. ಮರುದಿನದಿಂದ ನನ್ನ ಓದು ಪಂಪ, ಕುಮಾರವ್ಯಾಸರನ್ನು ಬಿಟ್ಟು ಬೇರೆ ದಾರಿ ಹಿಡಿಯಿತು.

ಅಂತರಿಕ್ಷದಲ್ಲಿ ಸ್ನಾನವೆಂಬುದಿಲ್ಲ. ತಲೆಯ ಮೇಲೆ ನೀರು ಹೊಯ್ದುಕೊಂಡರೆ ಅದು ಕೆಳಗಿಳಿಯುವುದಿಲ್ಲ. ಕೆಳಗೆಂಬ ದಿಕ್ಕೇ ಅಲ್ಲಿಲ್ಲವಲ್ಲ! ನೀರು ಗೋಲಿಯಾಗಿ ತೇಲುತ್ತದೆ, ಇಲ್ಲವೆ ಲೋಳೆಯಂತೆ ಮೈಗೆ ಅಂಟಿಕೊಳ್ಳುತ್ತದೆ. ಅತ್ತರೆ ಕಣ್ಣೀರೂ ಕೆನ್ನೆಗೆ ಜಾರದೆ ಕಣ್ಣಿನ ಮೇಲೆಯೇ ಗುಡ್ಡೆಯಾಗಿ ನಿಲ್ಲುತ್ತದೆ. ಆದ್ದರಿಂದ ಯಾತ್ರಿಕರು ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುತ್ತಾರೆ. ಇದನ್ನು ಹೇಳಿದಾಗ ಅಮ್ಮನ ಮುಖದಲ್ಲಿ ಒಂದು ಬಗೆಯ ಸಮಾಧಾನ ಕಂಡಿತು. "ಹಾಗಾದರೆ ನನ್ನ ಹಾಗೇ ಅನ್ನು" ಎಂದಳು. ಆರು ವಾರಗಳಿಂದ ಅವಳಿಗೂ ಒದ್ದೆ ಬಟ್ಟೆಯ ಸ್ನಾನವೇ ಆಗಿತ್ತು.

ಅವರು ತೇಲುವುದೇಕೆ ಎಂಬುದು ಮುಂದಿನ ಪ್ರಶ್ನೆ. ಅಲ್ಲಿ ಭೂಮಿಯ ಸೆಳೆತವಿಲ್ಲವೆಂದು ಹಲವರು ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಸುಮಾರು ೪೦೦ ಕಿಲೋಮೀಟರು ಎತ್ತರದ ಆ ನಿಲ್ದಾಣದಲ್ಲಿ ಸೆಳೆತ ಇಲ್ಲಿಯದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇದ್ದೇ ಇದೆ. ನಂದಿಬೆಟ್ಟದ ಮೇಲಿನಿಂದ ಒಬ್ಬನು ಅಡ್ಡಲಾಗಿ ಕಲ್ಲೆಸೆದನೆನ್ನಿ. ಅದು ಬುಡದಲ್ಲಿ ಬೀಳುತ್ತದೆ. ಭೀಮಬಲದಿಂದ ಎಸೆದರೆ ದೊಡ್ಡಬಳ್ಳಾಪುರದಲ್ಲಿ ಬಿದ್ದೀತು. ಗಾಳಿಯ ತಡೆಯಿಲ್ಲದ ಎತ್ತರದಿಂದ ಸೆಕೆಂಡಿಗೆ ೭.೭ ಕಿಲೋಮೀಟರು ವೇಗದಲ್ಲಿ ಎಸೆದರೋ, ಕಲ್ಲು ಎಷ್ಟು ಬೀಳುತ್ತದೆಯೋ ಅಷ್ಟೇ ಭೂಮಿಯೂ ಅದರ ಕೆಳಗೆ ಬಾಗಿ ಸರಿಯುತ್ತದೆ. ಕಲ್ಲು ಬೀಳುತ್ತಲೇ ಭೂಮಿಯನ್ನು ಸುತ್ತುತ್ತದೆ. ನಿಲ್ದಾಣವೂ ಅದರೊಳಗಿನವರೂ ಒಟ್ಟಾಗಿ ಬೀಳುತ್ತಿರುವುದರಿಂದ ಯಾರಿಗೂ ಭಾರವೆಂಬುದು ತಿಳಿಯದು.

ಅಮ್ಮ ಕ್ಷಣಕಾಲ ಯೋಚಿಸಿ, "ಅಂದ್ರೆ ಅವರು ಬೀಳ್ತಾನೇ ಇರ್ತಾರೆ, ನೆಲ ಮಾತ್ರ ಸಿಗೋಲ್ಲ. ನಾನು ಬಿದ್ದೆ, ನೆಲ ಸಿಕ್ತು" ಎಂದಳು. ಇದಕ್ಕಿಂತ ಚೊಕ್ಕಟವಾದ ವ್ಯಾಖ್ಯಾನವನ್ನು ನಾನು ಯಾವ ಪುಸ್ತಕದಲ್ಲಿಯೂ ಕಾಣಲಿಲ್ಲ.

ಊಟದ ವಿಚಾರಕ್ಕೆ ಬಂದರೆ ಕನ್ನಡನಾಡಿಗೂ ಅಂತರಿಕ್ಷಕ್ಕೂ ಹಳೆಯ ನಂಟು. ೧೯೬೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವು ರಾಕೇಶ್ ಶರ್ಮಾ ಅವರಿಗೆ ಬುತ್ತಿ ಕಟ್ಟಿಕೊಟ್ಟಿತ್ತು. ನಮ್ಮದೇ ಗಗನಯಾನಕ್ಕಾಗಿ ಅದು ಸಿದ್ಧಪಡಿಸಿದ ತಿನಿಸುಗಳಲ್ಲಿ ಇಡ್ಲಿಯೂ ಇದೆ. ಶುಕ್ಲಾ ಅವರು ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸಗಳನ್ನು ಒಯ್ದಿದ್ದರು. ಅಲ್ಲಿ ಮೆತ್ತಗಿರುವುದಕ್ಕೆ, ಅಂಟಿಕೊಳ್ಳುವುದಕ್ಕೆ ಮರ್ಯಾದೆ, ಗರಿಗರಿಯಾದುದಕ್ಕೆ ಪ್ರವೇಶವಿಲ್ಲ. ಚಕ್ಕುಲಿಯೊಂದನ್ನು ಕಡಿದರೆ ಅದರ ನುಚ್ಚು ತೇಲಿಹೋಗಿ ಯಾರ ಕಣ್ಣನ್ನಾದರೂ, ಯಾವ ಯಂತ್ರವನ್ನಾದರೂ ಹೊಕ್ಕೀತು. ಉಪ್ಪನ್ನು ಸಹ ನೀರಿನಲ್ಲಿ ಕರಗಿಸಿಯೇ ಹನಿಸಬೇಕು. ಮೇಲಾಗಿ, ದೇಹದ ದ್ರವವೆಲ್ಲ ತಲೆಯ ಕಡೆಗೆ ಏರಿ ಮೂಗು ಕಟ್ಟಿದಂತಾಗುವುದರಿಂದ ನಾಲಗೆಗೆ ರುಚಿ ಮಂಕಾಗುತ್ತದೆ. ಖಾರವನ್ನು ಬಯಸುವವರು ಹೆಚ್ಚು. "ಉಪ್ಪಿನಕಾಯಿ ಕಳಿಸಬೇಕಿತ್ತು" ಎಂದು ಅಮ್ಮ ಮರುಗಿದಳು.

ಕುಡಿಯುವ ನೀರಿನ ಸಂಗತಿಯನ್ನು ಹೇಳಲು ನಾನು ಸ್ವಲ್ಪ ಹಿಂಜರಿದೆ. ಯಾತ್ರಿಕರ ಬೆವರು, ಉಸಿರಿನ ತೇವ, ಮೂತ್ರ ಇವೆಲ್ಲವೂ ಅಲ್ಲಿ ಶುದ್ಧಿಯಾಗಿ ಮರಳಿ ಲೋಟಕ್ಕೆ, ಅಂದರೆ ಹೀರುವ ಚೀಲಕ್ಕೆ, ಬರುತ್ತವೆ. ನೂರರಲ್ಲಿ ೯೮ ಪಾಲು ನೀರು ಹೀಗೆ ಮರಳಿ ದೊರೆಯುವುದನ್ನು ೨೦೨೩ರಲ್ಲಿ ಸಾಧಿಸಲಾಯಿತು. ಮೂಗು ಮುರಿಯುವವರು ೨೦೨೪ರ ಬೇಸಗೆಯನ್ನು ನೆನೆಯಬೇಕು. ಅಂದು ಬೆಂಗಳೂರಿನಲ್ಲಿ ಕೊಡ ನೀರಿಗಾಗಿ ಸಾಲು ನಿಂತವರು ಎಷ್ಟು ಮಂದಿ! ನಮ್ಮ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಸಂಸ್ಕರಿಸಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸುತ್ತಿದ್ದೇವಲ್ಲ, ಅದೂ ಈ ವಿದ್ಯೆಯ ದಾಯಾದಿಯೇ. ಅಂತರಿಕ್ಷದವರು ತಮ್ಮ ನೀರನ್ನು ತಾವೇ ಕುಡಿಯುತ್ತಾರೆ; ನಾವು ನೆರೆಯ ಜಿಲ್ಲೆಗೆ ಕಳಿಸುತ್ತೇವೆ. ಸಂಸ್ಕರಣೆಯಲ್ಲಿ ಯಾರು ಹೆಚ್ಚು ಎಚ್ಚರದಿಂದಿರುತ್ತಾರೆ ಎಂಬುದನ್ನು ವಾಚಕರೇ ಊಹಿಸಬಹುದು.

"ದೀಪ ಹಚ್ಚೋದು ಯಾವಾಗ?" ಎಂಬುದು ಅಮ್ಮನ ಅತಿ ಗಹನವಾದ ಪ್ರಶ್ನೆ. ಒಂದೂವರೆ ಗಂಟೆಗೊಂದು ಪ್ರದಕ್ಷಿಣೆ ಮುಗಿಸುವವರಿಗೆ ದಿನಕ್ಕೆ ೧೬ ಉದಯ, ೧೬ ಅಸ್ತಮಯ. ಪ್ರತಿ ಸಂಧ್ಯೆಯನ್ನೂ ಆಚರಿಸಹೊರಟರೆ ಬೇರೆ ಕೆಲಸಕ್ಕೆ ಬಿಡುವಿಲ್ಲ. ೨೦೦೭ರಲ್ಲಿ ಮಲೇಷ್ಯದ ಯಾತ್ರಿಕ ಶೇಖ್ ಮುಜಫರ್ ಶುಕೋರ್ ಅವರು ರಂಜಾನ್ ಮಾಸದಲ್ಲಿಯೇ ನಿಲ್ದಾಣಕ್ಕೆ ಹೊರಟಾಗ ಇದೇ ಸಮಸ್ಯೆ ಎದುರಾಯಿತು. ಅಲ್ಲಿನ ಧಾರ್ಮಿಕ ವಿದ್ವಾಂಸರು ಕೂಡಿ, ಹೊರಟ ಸ್ಥಳದ ಹೊತ್ತನ್ನೇ ಪ್ರಾರ್ಥನೆಗೆ ಅನುಸರಿಸಬಹುದೆಂದು ಮಾರ್ಗ ತೋರಿದರು. ಹೊರಟ ಊರಿನ ಗಡಿಯಾರವನ್ನು ಎದೆಯಲ್ಲಿ ಇಟ್ಟುಕೊಂಡು ಹೋಗುವುದು ಪರದೇಶಕ್ಕೆ ಹೋದ ಮಕ್ಕಳೂ ಬಲ್ಲ ಉಪಾಯ. ಇನ್ನು ದೀಪವನ್ನು ಹಚ್ಚುವಂತೆಯೇ ಇಲ್ಲ. ಪ್ರಯೋಗಕ್ಕಾಗಿ ಜೋಪಾನವಾಗಿ ಹಚ್ಚಿ ನೋಡಿದ ಜ್ವಾಲೆ ಮೇಲ್ಮುಖವಾಗಿ ಚಾಚದೆ ದುಂಡಗೆ, ನೀಲಿಯ ಗುಂಡಿನಂತೆ ನಿಲ್ಲುತ್ತದೆ. ಬಿಸಿಗಾಳಿ ಮೇಲೇರುವುದು ಭಾರವಿರುವ ಲೋಕದ ನಿಯಮ.

ಜುಲೈ ೪ರಂದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದ ವಿದ್ಯಾರ್ಥಿಗಳು ಹವ್ಯಾಸಿ ರೇಡಿಯೋ ಮೂಲಕ ಶುಕ್ಲಾ ಅವರೊಡನೆ ಮಾತನಾಡಿದರು. ನಿಲ್ದಾಣ ದಿಗಂತದಿಂದ ದಿಗಂತಕ್ಕೆ ಸಾಗುವ ಸುಮಾರು ಹತ್ತು ನಿಮಿಷವೇ ಇಂಥ ಸಂಭಾಷಣೆಗೆ ಇರುವ ಅವಕಾಶ. ಅಷ್ಟರಲ್ಲಿಯೂ ಎಳೆಯರ ಮನಸ್ಸು ಹರಿದದ್ದು ಊಟ, ನಿದ್ರೆ, ಕಾಯಿಲೆಗಳ ಕಡೆಗೇ. ಅಲ್ಲಿ ನೆಲವೂ ಇಲ್ಲ, ಮಾಳಿಗೆಯೂ ಇಲ್ಲ. ಒಬ್ಬರು ಗೋಡೆಯ ಮೇಲೆ ಮಲಗಿದರೆ ಇನ್ನೊಬ್ಬರು ಸೂರಿನ ಮೇಲೆ ಮಲಗಬಹುದು. ಚೀಲವನ್ನು ಕಟ್ಟಿಕೊಳ್ಳದಿದ್ದರೆ ಮಲಗಿದ ಕಡೆ ಏಳುವ ಭರವಸೆಯಿಲ್ಲ. ನನ್ನ ತಾಯಿಯೂ ಈ ಮಕ್ಕಳೂ ಒಂದೇ ತರಗತಿಯವರೆಂದು ನನಗೆ ಸಂತೋಷವಾಯಿತು.

ಆದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಕಳವಳವೇ ಹೆಚ್ಚಾಗಿತ್ತು. ಅಮ್ಮ ಏಳಲು ಒಲ್ಲಳು. ವ್ಯಾಯಾಮ ಮಾಡಿಸಲು ಬಂದ ಹುಡುಗಿಯನ್ನು "ನಾಳೆ ಬಾಮ್ಮ" ಎಂದು ಕಳಿಸಿಬಿಡುತ್ತಿದ್ದಳು. ಹೊದಿಕೆ ಸರಿಸಿದಾಗ ಕಾಣುವ ಕಾಲುಗಳು ವಾರದಿಂದ ವಾರಕ್ಕೆ ಸಣ್ಣಗಾಗುತ್ತಿದ್ದವು. ಹೀಗೆಯೇ ಮಲಗಿದರೆ ಮತ್ತೆ ನಿಲ್ಲುವುದು ಕಷ್ಟವೆಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಅವಳ ಪ್ರಶ್ನೆಗಳ ಬೆನ್ನು ಹತ್ತಿ ಓದುತ್ತಿದ್ದಾಗ ನನಗೆ ತಿಳಿದುಬಂದ ಸಂಗತಿ ಇದು: ಭಾರವಿಲ್ಲದ ಲೋಕದಲ್ಲಿ ಕಾಲಿಗೆ ಕೆಲಸವಿಲ್ಲ. ಕೆಲಸವಿಲ್ಲದ ಸ್ನಾಯು ಕರಗುತ್ತದೆ. ಮೈಭಾರ ಹೊರುವ ಮೂಳೆಗಳು ತಿಂಗಳಿಗೆ ನೂರಕ್ಕೆ ಒಂದರಿಂದ ಒಂದೂವರೆ ಪಾಲಿನಷ್ಟು ಸಾರ ಕಳೆದುಕೊಳ್ಳುತ್ತವೆ. ಇದನ್ನು ಭೂಮಿಯಲ್ಲಿಯೇ ಅಭ್ಯಸಿಸಬೇಕಾದಾಗ ವಿಜ್ಞಾನಿಗಳು ಆರೋಗ್ಯವಂತರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿಡುತ್ತಾರೆ. ಅಂದರೆ ದೇಹದ ಲೆಕ್ಕದಲ್ಲಿ ಹಾಸಿಗೆಯೂ ಒಂದು ಅಂತರಿಕ್ಷ. ಅದಕ್ಕಾಗಿಯೇ ನಿಲ್ದಾಣದ ನಿವಾಸಿಗಳು ನಿತ್ಯವೂ ಎರಡು ಗಂಟೆಯಷ್ಟು ಕಾಲ, ಪಟ್ಟಿಗಳಿಂದ ತಮ್ಮನ್ನು ಯಂತ್ರಕ್ಕೆ ಬಿಗಿದುಕೊಂಡು, ಓಡುತ್ತಾರೆ, ಬಗ್ಗಿ ಏಳುತ್ತಾರೆ. ಶುಕ್ಲಾ ಅವರು ನಡೆಸಿಕೊಟ್ಟ ಪ್ರಯೋಗಗಳಲ್ಲಿ ಒಂದು ಈ ಸ್ನಾಯುಕ್ಷಯಕ್ಕೆ ಸಂಬಂಧಿಸಿದ್ದು. ಅದನ್ನು ರೂಪಿಸಿದ ಇನ್‌ಸ್ಟೆಮ್ ಸಂಸ್ಥೆಯಿರುವುದು ಇಲ್ಲಿಯೇ ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ, ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಯುದ್ಧವಿಮಾನ ನಡೆಸಿದ ಗಟ್ಟಿಮುಟ್ಟಾದ ಆಳು, ಜುಲೈ ೧೫ರಂದು ಇಳಿದ ಮೇಲೆ ಇತರರ ಆಸರೆಯಲ್ಲಿ ಹೆಜ್ಜೆಯಿಟ್ಟು ನಡಿಗೆಯನ್ನು ಮತ್ತೆ ರೂಢಿಸಿಕೊಳ್ಳಬೇಕಾಯಿತೆಂಬುದನ್ನೂ ತೋರಿಸಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಇಪ್ಪತ್ತು ದಿವಸಕ್ಕೇ ಹೀಗಾಯ್ತಾ ಅವನಿಗೆ?" ಎಂದಳು. ಮರುದಿನ ಆ ಹುಡುಗಿಯನ್ನು ಹಿಂದಕ್ಕೆ ಕಳಿಸಲಿಲ್ಲ. ಅತ್ತಳು, ಬೈದಳು, ಆದರೆ ಕಾಲನ್ನು ಎತ್ತಿದಳು.

ಕಾರ್ತಿಕದ ಒಂದು ಸಂಜೆ ನಿಲ್ದಾಣವು ನಮ್ಮೂರಿನ ಮೇಲೆ ಹಾದುಹೋಗುವುದೆಂದು ತಿಳಿದು ಅಮ್ಮನಿಗೆ ಹೇಳಿದೆ. ಕತ್ತಲಾಗುವ ಹೊತ್ತಿನಲ್ಲಿ ಅದು ಮಿನುಗದ ದೊಡ್ಡ ನಕ್ಷತ್ರದಂತೆ ಕೆಲವು ನಿಮಿಷ ಕಂಡು ಮರೆಯಾಗುತ್ತದೆ. ಅಮ್ಮ ಊರುಗೋಲಿನ ಚೌಕಟ್ಟನ್ನು ಹಿಡಿದು, ಹೊಸಲಿನವರೆಗೆ ಒಂದೊಂದೇ ಹೆಜ್ಜೆಯಿಟ್ಟು ಬಂದಳು. ಆಕಾಶದ ತುಂಬ ಮೋಡ ಕವಿದಿತ್ತು. ಏನೂ ಕಾಣಲಿಲ್ಲ. ಒಳಗೆ ಹೋಗೋಣವೆಂದೆ. "ಇರು, ದಾಟಿ ಹೋಗಲಿ" ಎಂದಳು. ಮೋಡದಾಚೆ ಅದು ದಾಟಿಹೋಗುವ ತನಕ ನಿಂತೇ ಇದ್ದಳು.